ಇಲಿಗಳಿಗೆ ಮುಪ್ಪು ಬರುವವರೆಗೆ

ಹೋದ ತಿಂಗಳು ನನ್ನ ಪಿಎಚ್.ಡಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ವಯಸ್ಸಾದ ಹಾಗೆ ಇಲಿಯ ಕಿಡ್ನಿಯ ರಚನೆ ಹೇಗೆ ಬದಲಾಗುತ್ತದೆ, ಅದರ ಕೆಲಸ ಎಲ್ಲಿ ಕುಂದುತ್ತದೆ ಅನ್ನುವುದು ನನ್ನ ವಿಷಯ. ಕೆಲಸ ನಡೆದದ್ದು ಕೋಲಾರದಲ್ಲಿ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಮೊದಲ ಅರ್ಜಿ ಕೊಟ್ಟ ದಿನದಿಂದ ವೈವಾದ ದಿನಕ್ಕೆ ನಾಲ್ಕೂವರೆ ವರ್ಷ. ಅದರಲ್ಲಿ ಸುಮಾರು ಎರಡು ವರ್ಷ ಹೋದದ್ದು ಇಲಿಗಳಿಗೆ ವಯಸ್ಸಾಗಲಿ ಎಂದು ಕಾಯುವುದರಲ್ಲಿ. ಈ ದಾರಿ ಹಿಡಿಯುವವರಿಗೆ ನಾನು ಎಡವಿದ ಜಾಗಗಳಾದರೂ ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತಡೆ ಕಮಿಟಿಯಲ್ಲೇ ಬಂತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬರುವ ಸಿಸಿಎಸ್‌ಇಎ, ಅಂದರೆ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ, ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದ ಸಮಿತಿ, ಪ್ರತಿ ಸಂಸ್ಥೆಯ ಎಥಿಕ್ಸ್ ಕಮಿಟಿಗೂ ತನ್ನ ಪ್ರತಿನಿಧಿಯನ್ನು ನೇಮಿಸುತ್ತದೆ. ಅವರಿಲ್ಲದೆ ಸಭೆ ನಡೆಯುವುದಿಲ್ಲ. ಎರಡು ಸಲ ದಿನಾಂಕ ಮುಂದಕ್ಕೆ ಹೋಯಿತು. ಮೂರನೆಯ ಸಲ ಸಭೆ ಸೇರಿದಾಗ ಸದಸ್ಯರೊಬ್ಬರು ಕೇಳಿದರು: "ಡಿ-ಗ್ಯಾಲಕ್ಟೋಸ್ ಚುಚ್ಚಿದರೆ ಕೆಲವೇ ವಾರಗಳಲ್ಲಿ ಮುಪ್ಪಿನಂಥ ಸ್ಥಿತಿ ಬರುತ್ತದಲ್ಲಮ್ಮ, ಎರಡು ವರ್ಷ ಯಾಕೆ ಸಾಕಬೇಕು?" ನನ್ನ ಬಾಯಿ ಒಣಗಿತು. ಗೈಡ್ ಮೇಡಂ ಉತ್ತರ ಕೊಟ್ಟರು: ಅದು ಸಕ್ಕರೆಯಿಂದ ಆಗುವ ಹಾನಿ, ಕಾಲದಿಂದ ಆಗುವ ಹಾನಿಯಲ್ಲ. ನಮಗೆ ಬೇಕಿರುವುದು ಎರಡನೆಯದು.

ಆಮೇಲೆ ಸಂಖ್ಯೆಯ ಜಗ್ಗಾಟ. 3, 12 ಮತ್ತು 24 ತಿಂಗಳಿನ ಮೂರು ಗುಂಪು, ಒಂದೊಂದರಲ್ಲೂ 8 ಗಂಡು, 8 ಹೆಣ್ಣು ಎಂದು ಬರೆದಿದ್ದೆ. ಪ್ರಯೋಗದ ಇಲಿ ಬದುಕುವುದೇ ಎರಡರಿಂದ ಮೂರು ವರ್ಷ. 24 ತಿಂಗಳು ತಲುಪುವಷ್ಟರಲ್ಲಿ ಎಷ್ಟೋ ಸಾಯುತ್ತವೆ. ಅದಕ್ಕೆ ಮುದಿ ಗುಂಪಿಗೆ 12 ಗಂಡು, 12 ಹೆಣ್ಣು ಬೇಕೆಂದು ಕೇಳಿದೆ. ಹೆಚ್ಚುವರಿ ಪ್ರಾಣಿ ಯಾಕೆ ಎಂದು ಅರ್ಜಿ ವಾಪಸು ಬಂತು. ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಹೇಳಿದ್ದಾರೆ, ಪ್ರಾಣಿಗಳ ಬದಲು ಬೇರೆ ದಾರಿ ಹುಡುಕಬೇಕು, ಸಂಖ್ಯೆ ಇಳಿಸಬೇಕು, ನೋವು ತಗ್ಗಿಸಬೇಕು ಎಂದು. ಕಮಿಟಿ ಕೇಳಿದ್ದು ನ್ಯಾಯವೇ. ವಯಸ್ಸಿನಿಂದಾಗುವ ಸಾವಿನ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಒಪ್ಪಿಗೆಯ ಅರ್ಜಿಯಾದ ಫಾರ್ಮ್ ಬಿ ಜೊತೆ ಲಗತ್ತಿಸಿದ ಮೇಲೆ ಒಪ್ಪಿದರು. ನೀವು ಈ ಹಾಳೆಯನ್ನು ಮೊದಲ ಸಲವೇ ಇಡಿ. ನನಗೆ ಅದೊಂದರಿಂದಲೇ ಮೂರು ತಿಂಗಳು ಹೋಯಿತು. ಒಟ್ಟು ಒಪ್ಪಿಗೆಗೆ ಏಳು ತಿಂಗಳು.

ಅದೇ ಸಭೆಯಲ್ಲಿ ಪಶುವೈದ್ಯರೊಬ್ಬರು ಕೇಳಿದ ಪ್ರಶ್ನೆ ನನ್ನ ಇಡೀ ಕೆಲಸವನ್ನು ಉಳಿಸಿತು: "ಯಾವ ನೀರು ಕುಡಿಸ್ತೀರಿ?" ನಾನು ನಲ್ಲಿ ನೀರು ಎಂದು ಬರೆದಿದ್ದೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಕಥೆ ಎಲ್ಲರಿಗೂ ಗೊತ್ತು. ಆಳಕ್ಕೆ ಹೋದಷ್ಟೂ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಇಲಿಯ ಬಾಟಲಿಗೆ ಅದೇ ನೀರು ಹೋಗುತ್ತದೆಂದು ಹೊಳೆದಿರಲಿಲ್ಲ. ಮೈಗೆ ಸೇರಿದ ಫ್ಲೋರೈಡ್ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಹೆಚ್ಚಾದರೆ ಅಲ್ಲಿನ ನಾಳಗಳಿಗೇ ಪೆಟ್ಟು. ಎರಡು ವರ್ಷ ಅದನ್ನೇ ಕುಡಿಸಿದ್ದರೆ ಕೊನೆಯಲ್ಲಿ ಕಂಡ ಗಾಯ ವಯಸ್ಸಿನದೋ ನೀರಿನದೋ ಎಂದು ಹೇಳಲು ಆಗುತ್ತಲೇ ಇರಲಿಲ್ಲ. ನೀರು ಪರೀಕ್ಷೆ ಮಾಡಿಸಿದೆವು. ಲೀಟರಿಗೆ 1.5 ಮಿಲಿಗ್ರಾಂ ಅನ್ನುವ ಮಿತಿಯನ್ನು ಅದು ದಾಟಿತ್ತು. ಆರ್‌ಒ ಹಾಕಿಸಿದೆವು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕಿಡ್ನಿ ಮೇಲೆ ಕೆಲಸ ಮಾಡುವವರು ದಯವಿಟ್ಟು ಇದೊಂದನ್ನು ಮರೆಯಬೇಡಿ. ಆರ್‌ಒ ಇದೆ ಎಂದು ಸುಮ್ಮನಾಗಲೂ ಬೇಡಿ. ಮೂರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಫೈಲಿಗೆ ಹಾಕಿ.

ಇಲಿ ತರುವುದರಲ್ಲಿ ಒಂದು ಲೆಕ್ಕವಿದೆ, ಅದನ್ನು ಹಿಂದಿನಿಂದ ಹಾಕಬೇಕು. ಮೂರೂ ಗುಂಪಿನ ರಕ್ತ, ಮೂತ್ರ, ಕಿಡ್ನಿಗಳನ್ನು ಒಂದೇ ಕಾಲದಲ್ಲಿ, ಒಂದೇ ಕಿಟ್‌ನಲ್ಲಿ ಪರೀಕ್ಷಿಸಬೇಕು. ಇಲ್ಲವಾದರೆ ಕಾಣುವ ವ್ಯತ್ಯಾಸ ವಯಸ್ಸಿನದಲ್ಲ, ಕಿಟ್‌ನದು. ಹಾಗಾಗಿ ಮುದಿ ಗುಂಪಾಗಬೇಕಾದ 24 ಮರಿಗಳನ್ನು ಮೊದಲು ತಂದೆ, ಎರಡು ತಿಂಗಳಿನವು. ಒಂದು ವರ್ಷ ಕಳೆದು ನಡುವಯಸ್ಸಿನ ಗುಂಪಿಗೆ 16. ಇನ್ನೊಂದು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ ಅನ್ನುವಾಗ ಎಳೆಯವು 16. ಎಲ್ಲವೂ ವಿಸ್ಟಾರ್ ತಳಿ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಲ್ಲಿ ಶುರುವಾದ ತಳಿ ಇದು. ಬೆಂಗಳೂರಿನ ನೋಂದಾಯಿತ ಸಾಕಣೆದಾರರಿಂದ ಕೊಂಡೆವು. ಬಿಸಿಲು ಏರುವ ಮುಂಚೆ ಹೊಸಕೋಟೆ, ನರಸಾಪುರ ದಾಟಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆ ವ್ಯಾನ್ ಹೊರಡಿಸಿದೆವು. ಮೊದಲ ಸಲ ಆ ಪೆಟ್ಟಿಗೆಗಳನ್ನು ಕೆಳಗಿಳಿಸುವಾಗ ಮರಿಗಳು ಮೂತಿ ಎತ್ತಿ ಗಾಳಿ ಮೂಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಕಾಯುವುದು. ಜೊತೆಯವರು ಔಷಧಿ ಕೊಟ್ಟು ಎಂಟು ವಾರಕ್ಕೆ ಫಲಿತಾಂಶ ತೆಗೆದು, ಲೇಖನ ಬರೆದು, ಮದುವೆಯೂ ಆದರು. ನಾನು ವಾರಕ್ಕೊಮ್ಮೆ ತೂಕ ಬರೆಯುತ್ತಿದ್ದೆ. "ಇಲಿಗಳಿಗೆ ಇನ್ನೂ ವಯಸ್ಸಾಗಿಲ್ವಾ?" ಎಂದು ಮನೆಯಲ್ಲಿ ಹಬ್ಬ ಹಬ್ಬಕ್ಕೂ ಕೇಳುತ್ತಿದ್ದರು. ಆಗ ನೋಯುತ್ತಿತ್ತು. ಈ ಎರಡು ವರ್ಷವನ್ನು ಖಾಲಿ ಬಿಡಬೇಡಿ. ಹಳೆಯ ಲೇಖನಗಳ ಓದು, ಬಣ್ಣ ಹಾಕುವ ಅಭ್ಯಾಸ, ಪ್ರಬಂಧದ ಮೊದಲ ಎರಡು ಅಧ್ಯಾಯ ಎಲ್ಲ ಆಗಲೇ ಮುಗಿಯಬೇಕು. ನಾನು ಮೊದಲ ಎಂಟು ತಿಂಗಳು ಏನೂ ಮಾಡದೆ ಕೊರಗಿದೆ, ಅದರ ಬೆಲೆಯನ್ನು ಕೊನೆಗೆ ತೆತ್ತೆ.

ಒಂದು ಏಪ್ರಿಲ್‌ನಲ್ಲಿ ರಾತ್ರಿ ಕರೆಂಟು ಹೋಯಿತು, ಜನರೇಟರ್ ಹತ್ತಲಿಲ್ಲ. ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಎರಡು ಗಂಟೆಗೆ ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅವರು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಪಂಜರಗಳನ್ನು ನೆಲಕ್ಕೆ ಇಳಿಸಿದ್ದರು. ಆ ರಾತ್ರಿ ಒಂದೂ ಸಾಯಲಿಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಸಾಲು ಅವರದು.

ಮುಪ್ಪಿನ ಮೊದಲ ಸುಳಿವನ್ನು ಕೊಟ್ಟವರೂ ಅವರೇ. ಹದಿನೆಂಟು ತಿಂಗಳು ದಾಟಿದ ಮೇಲೆ ಒಂದು ದಿನ ಹೇಳಿದರು: "ಮೇಡಂ, ಈ ಮುದುಕಪ್ಪಗಳು ನೀರು ಜಾಸ್ತಿ ಕುಡೀತವೆ. ಪಂಜರಕ್ಕೆ ಹಾಸಿದ ಹೊಟ್ಟು ಎರಡೇ ದಿನಕ್ಕೆ ಒದ್ದೆ." ಎಳೆಯ ಇಲಿಯ ಕಿಡ್ನಿ ನೀರನ್ನು ಬಿಗಿಯಾಗಿ ಹಿಡಿದುಕೊಂಡು ಮೂತ್ರವನ್ನು ಮನುಷ್ಯರಿಗಿಂತ ಎಷ್ಟೋ ಗಟ್ಟಿಯಾಗಿಸಬಲ್ಲದು. ವಯಸ್ಸಾದಾಗ, ನೀರು ಹಿಡಿದಿಡು ಎಂದು ಹೇಳುವ ವ್ಯಾಸೊಪ್ರೆಸಿನ್ ಹಾರ್ಮೋನಿನ ಮಾತು ನಾಳಗಳಿಗೆ ಅಷ್ಟಾಗಿ ಕೇಳಿಸುವುದಿಲ್ಲ, ನೀರು ಹಿಂದಕ್ಕೆ ಎಳೆಯುವ ಅಕ್ವಾಪೊರಿನ್-2 ಎಂಬ ಪ್ರೋಟೀನೂ ಕಡಿಮೆಯಾಗುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ, ಅಣ್ಣ ಒದ್ದೆ ಹೊಟ್ಟಿನಲ್ಲಿ ಕಂಡರು. ಅಂದಿನಿಂದ ಪ್ರತಿ ಪಂಜರದ ನೀರಿನ ಅಳತೆ ಬರೆಯತೊಡಗಿದೆ. ಮೊದಲ ದಿನದಿಂದಲೇ ಬರೆಯಬೇಕಿತ್ತು.

ಸಾವುಗಳೂ ಶುರುವಾದವು. ಗಂಡುಗಳಲ್ಲಿ ಐದು, ಹೆಣ್ಣುಗಳಲ್ಲಿ ಮೂರು ಹೋದವು. ಇನ್ನೆರಡು ಹೆಣ್ಣುಗಳಿಗೆ ಎದೆಯ ಗಡ್ಡೆ ಬಂತು, ಮುದಿ ಹೆಣ್ಣಿಲಿಗಳಲ್ಲಿ ಇದು ಮಾಮೂಲು. ಅವನ್ನು ಲೆಕ್ಕದಿಂದ ಬಿಡಬೇಕಾಯಿತು. 24ರಲ್ಲಿ ಕೈಗೆ ಉಳಿದದ್ದು 7 ಗಂಡು, 7 ಹೆಣ್ಣು. ಹೆಚ್ಚುವರಿ ಕೇಳದೆ ಇದ್ದಿದ್ದರೆ ಎರಡು ವರ್ಷವೂ ನೀರಿಗೆ ಹೋಗುತ್ತಿತ್ತು. ಸತ್ತವನ್ನು ಸುಮ್ಮನೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಬೇಡಿ. ಅವತ್ತೇ ತೆರೆದು ಕಿಡ್ನಿ ನೋಡಿ ಟಿಪ್ಪಣಿ ಮಾಡಿ. ಐದು ಗಂಡುಗಳಲ್ಲಿ ಮೂರರ ಕಿಡ್ನಿ ಬಿಳಿಚಿಕೊಂಡು, ಮೇಲ್ಮೈಯೆಲ್ಲ ಸಣ್ಣ ಸಣ್ಣ ಕುಳಿ ಬಿದ್ದು ತರಿತರಿಯಾಗಿತ್ತು.

24 ಗಂಟೆಯ ಮೂತ್ರ ಹಿಡಿಯಲು ಮೆಟಬಾಲಿಕ್ ಕೇಜ್ ಬೇಕು. ತಂತಿಯ ತಳ, ಕೆಳಗೆ ಆಲಿಕೆ, ಮೂತ್ರಕ್ಕೂ ಹಿಕ್ಕೆಗೂ ಬೇರೆ ಬೇರೆ ಕೊಳವೆ. ಮುದಿ ಇಲಿಗಳ ಪಾದ ಮೆತ್ತಗಿರುತ್ತದೆ, ಭಾರ ಬೇರೆ ಹೆಚ್ಚು, ತಂತಿಯ ಮೇಲೆ ನಿಂತರೆ ಬೇಗ ಹುಣ್ಣಾಗುತ್ತದೆ. ಮೊದಲು ಅಭ್ಯಾಸಕ್ಕೆ ಕೆಲವು ಗಂಟೆ ಬಿಟ್ಟು ತೆಗೆಯಿರಿ, ಆಮೇಲೆ ಒಂದು ದಿನ ಮಾತ್ರ ಇಡಿ. ಆಹಾರದ ಪುಡಿ ಮೂತ್ರಕ್ಕೆ ಬಿದ್ದರೆ ಪ್ರೋಟೀನಿನ ಅಂಕಿ ಕೆಡುತ್ತದೆ. ಒಂದಿಷ್ಟು ಚೆಲ್ಲಿಹೋದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಕ್ರಿಯಾಟಿನಿನ್ ಎಂಬ ಕಸವನ್ನು ಕಿಡ್ನಿ ರಕ್ತದಿಂದ ಎಷ್ಟು ಸೋಸುತ್ತದೆ ಅನ್ನುವ ಲೆಕ್ಕವೇ ತಪ್ಪು.

ಪ್ರೋಟೀನಿನಲ್ಲಿ ನಾನು ಒಂದು ವಾರ ಕಂಗೆಟ್ಟಿದ್ದೆ. ಆರೋಗ್ಯವಾಗಿರುವ ಎಳೆಯ ಗಂಡುಗಳ ಮೂತ್ರದಲ್ಲೂ ಪ್ರೋಟೀನ್ ಕಾಣುತ್ತಿತ್ತು! ಕಿಡ್ನಿ ಕೆಟ್ಟ ಇಲಿಗಳನ್ನು ಕೊಟ್ಟುಬಿಟ್ಟಿದ್ದಾರೆ ಅಂದುಕೊಂಡೆ. ಗಂಡಿಲಿಗಳ ಯಕೃತ್ತು ಆಲ್ಫಾ-2ಯು-ಗ್ಲಾಬ್ಯುಲಿನ್ ಎಂಬ ಚಿಕ್ಕ ಪ್ರೋಟೀನನ್ನು ಗಂಡು ಹಾರ್ಮೋನಿನ ಪ್ರಭಾವದಲ್ಲಿ ತಯಾರಿಸುತ್ತದೆ, ಅದು ಮೂತ್ರದಲ್ಲಿ ಹೋಗುವುದು ಸಹಜ. ಮುಪ್ಪಿನಲ್ಲಿ ಅದು ಇಳಿಯುತ್ತದೆ, ಸೋಸುವ ಪೊರೆ ಹಾಳಾಗಿ ಆಲ್ಬ್ಯುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರದಲ್ಲಿ ಏರುತ್ತದೆ. ಒಟ್ಟು ಪ್ರೋಟೀನ್ ಮಾತ್ರ ಅಳೆದರೆ ಈ ಏರಿಳಿತ ಒಂದರಲ್ಲೊಂದು ಮುಚ್ಚಿಹೋಗಬಹುದು. ಆಲ್ಬ್ಯುಮಿನ್ ಅನ್ನೇ ಅಳೆಯಬೇಕು. ಇಲಿಯ ಆಲ್ಬ್ಯುಮಿನ್‌ಗೆ ಎಂದೇ ಮಾಡಿದ ಎಲೈಸಾ ಎಂಬ ಪರೀಕ್ಷೆಯ ಕಿಟ್ ತರಿಸಿದೆ. ನನ್ನ ಖರ್ಚಿನಲ್ಲಿ ಅದೂ ಒಂದು ದೊಡ್ಡ ತುತ್ತು, 45 ಸಾವಿರ ರೂಪಾಯಿ.

ಕ್ರಿಯಾಟಿನಿನ್‌ನದು ಇನ್ನೊಂದು ಪಾಡು. ಆಸ್ಪತ್ರೆಯ ಯಂತ್ರ ಜಾಫೆ ವಿಧಾನದ್ದು. ಪಿಕ್ರಿಕ್ ಆಮ್ಲದ ಜೊತೆ ಸೇರಿ ಕಿತ್ತಳೆ ಬಣ್ಣ ಬರುವುದನ್ನು ಜಾಫೆ 1886ರಲ್ಲಿ ಕಂಡದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಸಕ್ಕರೆ, ಪ್ರೋಟೀನ್, ಕೀಟೋನ್ ಕೂಡ ಅದೇ ಬಣ್ಣ ಕೊಡುತ್ತವೆ. ಮನುಷ್ಯರಲ್ಲಿ ಇದು ಸಣ್ಣ ತಪ್ಪು. ಇಲಿಯ ರಕ್ತದಲ್ಲಿ ಕ್ರಿಯಾಟಿನಿನ್ ಇರುವುದೇ ಕಡಿಮೆ, ಆದ್ದರಿಂದ ತಪ್ಪು ದೊಡ್ಡದಾಗುತ್ತದೆ. ಎಂಜೈಮ್ ವಿಧಾನದ ಕಿಟ್ ತರಿಸಿ ಎಲ್ಲವನ್ನೂ ಮತ್ತೆ ಮಾಡಿದೆ. ಒಂದು ಪಾಲು ಸೀರಮ್, ಅಂದರೆ ರಕ್ತದ ತಿಳಿಯನ್ನು ಮೈನಸ್ 80 ಡಿಗ್ರಿಯಲ್ಲಿ ಎತ್ತಿಟ್ಟಿದ್ದರಿಂದ ಬಚಾವಾದೆ.

ಎರಡನೆಯ ಸಲ ಬಂದ ಅಂಕಿಗಳನ್ನು ನೋಡಿ ಕುಳಿತುಬಿಟ್ಟೆ. ಮುದಿ ಇಲಿಗಳ ಕ್ರಿಯಾಟಿನಿನ್ ಎಳೆಯವಕ್ಕಿಂತ ಸ್ವಲ್ಪವೇ ಹೆಚ್ಚು. ಅದೇ ಇಲಿಗಳ ಮೂತ್ರದಲ್ಲಿ ಆಲ್ಬ್ಯುಮಿನ್ ಸುರಿಯುತ್ತಿತ್ತು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮುಪ್ಪಿನಲ್ಲಿ ಸ್ನಾಯು ಕರಗುತ್ತದೆ, ಹುಟ್ಟುವುದೇ ಕಡಿಮೆಯಾದಾಗ ಕಿಡ್ನಿ ಸೋತದ್ದು ರಕ್ತದಲ್ಲಿ ಬೇಗ ಕಾಣುವುದಿಲ್ಲ. ತಕ್ಷಣ ನೆನಪಾದದ್ದು ಮುಳಬಾಗಿಲಿನ ಕಡೆಯ ಹಳ್ಳಿಯಲ್ಲಿರುವ ನನ್ನ ಅಜ್ಜಿ. ಎಪ್ಪತ್ತೆಂಟು ವರ್ಷ, ಕಡ್ಡಿಯ ಹಾಗಿದ್ದಾರೆ. ಹಿಂದಿನ ವರ್ಷ ರಕ್ತ ಪರೀಕ್ಷೆ ಮಾಡಿಸಿ ಕ್ರಿಯಾಟಿನಿನ್ ನಾರ್ಮಲ್ ಎಂದು ಎಲ್ಲರೂ ನೆಮ್ಮದಿಯಾಗಿದ್ದೆವು. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ದಿನಾ ನುಂಗುತ್ತಿದ್ದರು. ಆ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ವಯಸ್ಸಾದ ಕಿಡ್ನಿ ಅದನ್ನು ತಾಳುವುದಿಲ್ಲ. ಆ ಭಾನುವಾರವೇ ಊರಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದು ಮೂತ್ರದ ಆಲ್ಬ್ಯುಮಿನ್ ಮಾಡಿಸಿದೆ. ಹೆಚ್ಚಿತ್ತು. ಡಾಕ್ಟರು ಮಾತ್ರೆ ನಿಲ್ಲಿಸಿದರು. "ಅಜ್ಜಿ, ಇನ್ಮೇಲೆ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ" ಅಂದೆ. "ಇಲಿಗೂ ಮಂಡಿ ನೋಯುತ್ತೇನಮ್ಮ?" ಎಂದು ಕೇಳಿದರು.

ಅಂಗಾಂಶ ತೆಗೆದ ವಾರದ ಬಗ್ಗೆ ಹೆಚ್ಚು ಬರೆಯಲಾರೆ. ಅರಿವಳಿಕೆ ಹೆಚ್ಚು ಕೊಟ್ಟು, ನೋವಿಲ್ಲದ ಹಾಗೆ ಮಾಡಿದೆವು. ಎರಡು ವರ್ಷ ಕೈಯಲ್ಲಿ ಎತ್ತಿ ತೂಗಿದ ಜೀವಗಳು. ಅಣ್ಣ ಆ ವಾರ ರಜೆ ಹಾಕಿದರು, ನನಗೆ ಅರ್ಥವಾಯಿತು.

ಮೊದಲು ತೆಗೆದ ಮುದಿ ಗಂಡಿಲಿಯ ಕಿಡ್ನಿಯನ್ನು ಆತುರದಲ್ಲಿ ಇಡಿಯಾಗಿ, ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿಬಿಟ್ಟೆ. ಫಾರ್ಮಲಿನ್ ಒಳಗಿಳಿಯುವುದು ನಿಧಾನ. ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯಲು ಶುರುವಾಗಿತ್ತು. ಕೆಟ್ಟ ಭಾಗ ಕತ್ತರಿಸಿ ಬಿಸಾಡಬೇಕಾಯಿತು. ಕಿಡ್ನಿಯನ್ನು ತೆಗೆದ ಕೂಡಲೇ ಸೀಳಿ, ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಲಿನ್‌ನಲ್ಲಿ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೊಹಾಲ್, ಜೈಲೀನ್‌ನಲ್ಲಿ ಅಳಿಸಿಹೋಗುತ್ತದೆ. ಮೇಣದ ಬ್ಲಾಕಿನಲ್ಲಿ ಕೂರಿಸಿದ ಅಂಗಾಂಶವನ್ನೆಲ್ಲ ನಮ್ಮ ಲ್ಯಾಬಿನಲ್ಲಿ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸುವ ರೂಢಿ. ಕಿಡ್ನಿಗೆ ಅದು ದಪ್ಪ, 2-3 ಮೈಕ್ರಾನ್ ಬೇಕು. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಪಟ್ಟಿ ಮುದುರುತ್ತಿತ್ತು. ಬ್ಲಾಕನ್ನು ಐಸ್ ಮೇಲಿಟ್ಟು ಬೆಳಗ್ಗೆ ಆರಕ್ಕೇ ಕತ್ತರಿಸಲು ಕೂತೆವು.

ಆದರೆ ಸ್ಲೈಡ್ ಕಣ್ಣಿಗೆ ಬಿದ್ದಾಗ ಪಟ್ಟ ಕಷ್ಟವೆಲ್ಲ ಹಗುರವಾಯಿತು. ಇಲಿಯ ಒಂದು ಕಿಡ್ನಿಯಲ್ಲಿ ಸುಮಾರು 30 ಸಾವಿರ ನೆಫ್ರಾನ್ ಎಂಬ ಪುಟ್ಟ ಘಟಕಗಳು, ಮನುಷ್ಯರಲ್ಲಿ ಸರಾಸರಿ 10 ಲಕ್ಷ. ಒಂದೊಂದರ ತಲೆಯಲ್ಲೂ ಗ್ಲೊಮೆರುಲಸ್ ಎಂಬ ರಕ್ತನಾಳದ ಉಂಡೆ, ಸೋಸುವ ಕೆಲಸ ಅದರದು. ಮೂರು ತಿಂಗಳಿನ ಇಲಿಯಲ್ಲಿ ಪಿಎಎಸ್ ಎಂಬ ಬಣ್ಣ ಹಾಕಿದರೆ ನೇರಳೆಗೆಂಪು ದಾರದಲ್ಲಿ ಹೆಣೆದ ಜಾಲರಿ ಕಂಡಂತೆ, ಕುಣಿಕೆಗಳೆಲ್ಲ ತೆರೆದಿದ್ದವು. 24 ತಿಂಗಳಿನದರಲ್ಲಿ ದಾರ ದಪ್ಪವಾಗಿ, ಕುಣಿಕೆ ಮುಚ್ಚಿ, ಉಂಡೆ ಪಕ್ಕದ ಕವಚಕ್ಕೆ ಅಂಟಿಕೊಂಡಿತ್ತು. ಕೆಲವು ಪೂರ್ತಿ ಗಟ್ಟಿ ಮುದ್ದೆ. ನಾಳಗಳು ಕೆಲವೆಡೆ ಬತ್ತಿದ್ದವು, ಕೆಲವೆಡೆ ಉಬ್ಬಿ ಒಳಗೆ ಗುಲಾಬಿ ಬಣ್ಣದ ಪ್ರೋಟೀನ್ ತುಂಬಿ ಥೈರಾಯ್ಡ್ ಗ್ರಂಥಿಯ ಸ್ಲೈಡಿನ ಹಾಗೆ ಕಾಣುತ್ತಿದ್ದವು. ಇನ್ನೊಂದು ಬಣ್ಣವಾದ ಮ್ಯಾಸನ್ ಟ್ರೈಕ್ರೋಮ್‌ನಲ್ಲಿ ನಾಳಗಳ ನಡುವೆ ನೀಲಿ, ಅಂದರೆ ಗಾಯದ ನಾರು. ಗಂಡುಗಳಲ್ಲಿ ಇದೆಲ್ಲ ಹೆಣ್ಣುಗಳಿಗಿಂತ ಬಹಳ ಹೆಚ್ಚು. ಕಿಡ್ನಿಯ ಒಳಭಾಗವಾದ ಮೆಡುಲ್ಲಾಕ್ಕೆ ಹತ್ತಿರವಿರುವ ಒಳಗಿನ ಗ್ಲೊಮೆರುಲಸ್‌ಗಳಿಗೆ ಪೆಟ್ಟು ಜಾಸ್ತಿ. ಹಾಗಾಗಿ ಹೊರಗಿನವನ್ನು ಮಾತ್ರ ಎಣಿಸಿ ಮುಗಿಸಬೇಡಿ.

ಎಣಿಕೆ ಕುರುಡಾಗಿರಬೇಕು, ಯಾವುದು ಯಾವ ವಯಸ್ಸಿನದೆಂದು ಎಣಿಸುವವರಿಗೆ ತಿಳಿಯಬಾರದು. ಗೆಳತಿಯೊಬ್ಬಳು ಸ್ಲೈಡುಗಳ ಚೀಟಿಗೆ ಪಟ್ಟಿ ಅಂಟಿಸಿ ಬೇರೆ ನಂಬರ್ ಕೊಟ್ಟಳು. 46 ಇಲಿ, ಒಂದಕ್ಕೆ 100 ಗ್ಲೊಮೆರುಲಸ್, ಹಾನಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 4600. ನನ್ನ ಕಣ್ಣು ಉರಿದು ನೀರು ಬರುತ್ತಿತ್ತು. ದಿನಕ್ಕೆ ಎರಡು ಇಲಿಗಿಂತ ಹೆಚ್ಚು ಮಾಡಬೇಡಿ, ಸಂಜೆಯ ಅಂಕ ಬೆಳಗಿನ ಅಂಕಕ್ಕೆ ಹೊಂದುವುದಿಲ್ಲ.

ಖರ್ಚು ಕೇಳುವವರಿಗೆ: ಇಲಿಗಳಿಗೆ 35 ಸಾವಿರ, ಆಹಾರಕ್ಕೆ 50 ಸಾವಿರ, ಎಲೈಸಾ 45, ಕ್ರಿಯಾಟಿನಿನ್ ಕಿಟ್ 10, ಬಣ್ಣ ಮತ್ತು ಬ್ಲೇಡ್ 12, ಹೊಟ್ಟು ಮತ್ತು ಆರ್‌ಒ 15, ವ್ಯಾನ್ 6, ಪ್ರಬಂಧ ಮುದ್ರಣ ಮತ್ತು ಶುಲ್ಕ 20 ಸಾವಿರ. ಒಟ್ಟು 1 ಲಕ್ಷದ 93 ಸಾವಿರ. ಕಾಲೇಜಿನಿಂದ ಸಿಕ್ಕಿದ್ದು 1 ಲಕ್ಷ. ಉಳಿದದ್ದರಲ್ಲಿ ಅರ್ಧ ಅಪ್ಪ ಹಿಪ್ಪುನೇರಳೆ ತೋಟದ ದುಡ್ಡಿನಲ್ಲಿ ಕೊಟ್ಟರು.

ಪ್ರಬಂಧ ಬರೆದು ಮುಗಿಸಲು ಎಂಟು ತಿಂಗಳು, ಮೌಲ್ಯಮಾಪಕರ ವರದಿ ಬರಲು ಇನ್ನೂ ಎಂಟು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಗೇ ಎರಡು ವರ್ಷ ತಯಾರಾಗಿದ್ದೆ: "ಇದು ವಯಸ್ಸೋ, ರೋಗವೋ?" ಗಂಡಿಲಿಗಳಲ್ಲಿ ವಯಸ್ಸಿನೊಂದಿಗೆ ಬರುವ ಈ ಕಿಡ್ನಿ ಸವೆತಕ್ಕೆ ಕ್ರಾನಿಕ್ ಪ್ರೋಗ್ರೆಸಿವ್ ನೆಫ್ರೋಪತಿ ಎಂಬ ರೋಗದ ಹೆಸರೇ ಇದೆ. ಹೊಟ್ಟೆ ಬಿರಿಯುವಷ್ಟು ತಿಂದ, ಪ್ರೋಟೀನ್ ಹೆಚ್ಚು ತಿಂದ ಇಲಿಗಳಲ್ಲಿ ಅದು ಜೋರು. ಆಹಾರ ತಗ್ಗಿಸಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂದು ಮೆಕ್‌ಕೇ 1935ರಲ್ಲೇ ತೋರಿಸಿದ್ದರು. ಹಾಗೆ ಸಾಕಿದ ಇಲಿಗಳ ಕಿಡ್ನಿ ಮುಪ್ಪಿನಲ್ಲೂ ಚೆನ್ನಾಗಿರುತ್ತದೆ. ಮನುಷ್ಯರಲ್ಲೂ ವಯಸ್ಸಾದವರೆಲ್ಲರ ಕಿಡ್ನಿ ಸವೆಯುವುದಿಲ್ಲ. ಬಾಲ್ಟಿಮೋರ್‌ನಲ್ಲಿ ಅದೇ ಜನರನ್ನು ವರ್ಷಗಟ್ಟಲೆ ಪರೀಕ್ಷಿಸಿ 1985ರಲ್ಲಿ ಬರೆದ ವರದಿಯಲ್ಲಿ, ಮೂರರಲ್ಲಿ ಒಬ್ಬರಿಗೆ ವಯಸ್ಸಾದರೂ ಕಿಡ್ನಿಯ ಶಕ್ತಿ ಇಳಿದಿರಲಿಲ್ಲ. ಹಾಗಾಗಿ ನಾನು ನೋಡಿದ್ದರಲ್ಲಿ ವಯಸ್ಸೂ ಇದೆ, ಎರಡು ವರ್ಷ ನಾನೇ ತುಂಬಿದ ಊಟದ ತಟ್ಟೆಯೂ ಇದೆ ಎಂದೆ. ತಟ್ಟೆಯ ತೂಕ ಬರೆದಿಡದಿದ್ದದ್ದು ನನ್ನ ಕೆಲಸದ ಕೊರತೆ ಎಂದೂ ಒಪ್ಪಿಕೊಂಡೆ.

"ಕೆಲವು ನೆಫ್ರಾನ್ ಸತ್ತರೆ ಉಳಿದವು ಯಾಕೆ ಕೆಡಬೇಕು?" ಎಂದರು. 1982ರಲ್ಲಿ ಕಿಡ್ನಿ ತಜ್ಞ ಬ್ರೆನ್ನರ್ ಮತ್ತು ಜೊತೆಗಾರರು ಈ ಬಗ್ಗೆ ಬರೆದದ್ದನ್ನು ಇಂಗ್ಲಿಷಿನಲ್ಲಿ ಶುರು ಮಾಡಿ ತಡವರಿಸಿದೆ. ಆಮೇಲೆ ಕನ್ನಡದಲ್ಲೇ ಹೇಳಿದೆ: "ಸಾರ್, ನಮ್ಮೂರಲ್ಲಿ ಒಂದು ಬೋರ್ ಬತ್ತಿದರೆ ಪಕ್ಕದ ಬೋರನ್ನು ಹಗಲೂ ರಾತ್ರಿ ಓಡಿಸ್ತೀವಿ. ಎರಡು ಬೇಸಿಗೆಗೆ ಅದೂ ಬತ್ತುತ್ತೆ. ಉಳಿದ ಗ್ಲೊಮೆರುಲಸ್‌ಗಳ ಮೇಲೆ ಒತ್ತಡ ಹೀಗೇ ಏರುತ್ತೆ." ಅವರು ಪೆನ್ನು ಕೆಳಗಿಟ್ಟು ತಲೆಯಾಡಿಸಿದರು.

ಪ್ರಬಂಧ ಈಗ ಶೋಧಗಂಗಾಕ್ಕೆ, ಅಂದರೆ ಪಿಎಚ್.ಡಿ ಪ್ರಬಂಧಗಳನ್ನು ಇಡುವ ಜಾಲತಾಣಕ್ಕೆ ಹೋಗಿದೆ. ಅಜ್ಜಿಯನ್ನು ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕರೆದೊಯ್ಯಬೇಕು. ಮೇಣದ ಬ್ಲಾಕುಗಳೆಲ್ಲ ವಿಭಾಗದ ಕಪಾಟಿನ ಕೆಳಗಿನ ಖಾನೆಯಲ್ಲಿವೆ, ಬಿಸಿಲು ತಾಗದ ಕಡೆ. ಮುಪ್ಪಿನ ಜೊತೆ ಕಿಡ್ನಿಯಲ್ಲಿ ಇಳಿಯುವ ಕ್ಲೋಥೋ ಎಂಬ ಪ್ರೋಟೀನಿಗೆ ಬಣ್ಣ ಹಾಕಬೇಕೆಂದು ಜೂನಿಯರ್ ಒಬ್ಬಳು ಕೇಳಿದಳು, ಕೀಲಿ ಕೊಟ್ಟೆ. 24 ತಿಂಗಳಿನ ಗಂಡುಗಳಲ್ಲಿ ಒಂದನೆಯ ನಂಬರಿನ ಬ್ಲಾಕನ್ನು ಮಾತ್ರ ಹುಷಾರಾಗಿ ಕತ್ತರಿಸು, ಅದರಲ್ಲಿ ಉಳಿದಿರುವುದು ಸ್ವಲ್ಪವೇ ಎಂದು ಹೇಳಿದ್ದೇನೆ.